ತಲೆಗೆ ಬಂದ ಚೆಂಡು

ಮಲಾಕಿ ಟೂಹಿಯವರ ಮಟ್ಟಿಗೆ ಆ ಬೇಸಿಗೆಯಲ್ಲಿ ಎಲ್ಲಾ ದಿನಗಳೂ ಶುಕ್ರವಾರಗಳೇ ಆಗಿಹೋಗಿದ್ದವು. ಶುಕ್ರವಾರ ಎಂದರೆ ಫುಟ್‌ಬಾಲ್ ಮ್ಯಾಚಿನ ದಿನ. ಬೆಳಗ್ಗೆ ಎದ್ದು, ಮುಖ ತೊಳೆದು, ನೆರೆತ ಕೂದಲಿಗೆ ನೀರು ಹಚ್ಚಿ ಹಿಂದಕ್ಕೆ ಬಾಚಿಕೊಂಡು ಅಡುಗೆಮನೆಗೆ ಬಂದರೆ ಅವರದು ಒಂದೇ ಪ್ರಶ್ನೆ.

“ಬಸ್ಸು ಎಷ್ಟೊತ್ತಿಗಮ್ಮಾ?”

ಸೊಸೆ ಗ್ರಾನ್ಯ ಒಲೆಯ ಮುಂದೆ ಓಟ್ಸ್ ಗಂಜಿ ತಿರುವುತ್ತ, ಹಿಂದೆ ನೋಡದೆಯೇ ಹೇಳುವಳು: “ಇನ್ನೂ ಹೊತ್ತಿದೆ ಮಾವ. ಮೊದ್ಲು ತಿಂಡಿ ತಿನ್ನಿ.”

“ಜಾಸ್ತಿ ಹಾಕ್ಬೇಡ. ಹೊಟ್ಟೆ ತುಂಬಿದ್ರೆ ನೆಗೆಯಕ್ಕಾಗಲ್ಲ.”

“ಸ್ವಲ್ಪಾನೇ ಹಾಕ್ತೀನಿ.”

ಕಿಟಕಿಯಾಚೆ ನದಿ ಕಡಲು ಸೇರುವ ಕಡೆಯಿಂದ ಎದ್ದ ಮಂಜು ತೆಳ್ಳಗೆ ಹಿತ್ತಲಿಗೆ ಇಳಿದಿರುತ್ತಿತ್ತು. ಮಲಾಕಿಯವರು ಚಮಚ ಹಿಡಿದುಕೊಂಡು ಅದನ್ನೇ ನೋಡುತ್ತ ಕೂರುವರು. ಮುಖದಲ್ಲಿ ದುಃಖವಿರಲಿಲ್ಲ, ಎಲ್ಲೋ ದೂರದಲ್ಲಿ ಯಾರೋ ತಮ್ಮ ಹೆಸರು ಕೂಗಿದ್ದು ಕೇಳಿಸಿದಂಥ ಪ್ರಸನ್ನತೆ. ಸ್ವಲ್ಪ ಹೊತ್ತಿಗೆ ಬಸ್ಸಿನ ಮಾತು ಮರೆತು ಗಂಜಿ ಖಾಲಿ ಮಾಡುವರು.

ಕಿಲ್‌ಕಾರನ್ ಊರಿನ ತಂಡದಲ್ಲಿ ಅವರು ಎಷ್ಟೋ ವರ್ಷ ಹಿಂದೆ ನಿಂತು ಎದುರಾಳಿಗಳನ್ನು ತಡೆಯುವ ಡಿಫೆಂಡರ್ ಆಗಿದ್ದವರು. ಆಗಿನ ಚೆಂಡು ಚರ್ಮದ್ದು. ಮಳೆ ಬಂದರೆ ನೀರು ಕುಡಿದು ಕಲ್ಲಿನ ಹಾಗಾಗುತ್ತಿತ್ತು. ಎದುರಾಳಿಗಳು ಎಷ್ಟೇ ಎತ್ತರಕ್ಕೆ ಒದ್ದು ಕಳಿಸಲಿ, ಮಲಾಕಿ ನೆಗೆದು ಹಣೆ ಕೊಟ್ಟರೆ ಅದು ಅರ್ಧ ಮೈದಾನ ದಾಟಿ ವಾಪಸು ಹೋಗುತ್ತಿತ್ತು ಎಂದು ಊರಿನ ಮುದುಕರು ಈಗಲೂ ಹೇಳುತ್ತಾರೆ. ಆ ವರ್ಷದ ವಸಂತದಲ್ಲಿ ಒಂದು ಬೆಳಗ್ಗೆ ಅವರು ಮನೆಯ ಚಪ್ಪಲಿಯಲ್ಲೇ ಬಂದರಿನ ರಸ್ತೆ ಹಿಡಿದು ಮೈದಾನದ ಕಡೆ ಹೊರಟಿದ್ದರು. ಮೀನಂಗಡಿಯವನು ಕೈಹಿಡಿದು ತಂದು ಮಗನ ಮನೆಗೆ ಬಿಟ್ಟ. ಅಂದಿನಿಂದ ಇಲ್ಲೇ. ಮೊಮ್ಮಗಳು ಬ್ರೋನಾ ತನ್ನ ಕೋಣೆಯನ್ನು ಅಜ್ಜನಿಗೆ ಕೊಟ್ಟು ಮಹಡಿಮೆಟ್ಟಿಲ ಪಕ್ಕದ ಗೂಡಿನಂಥ ಜಾಗಕ್ಕೆ ಹೋದಳು. ಗ್ರಾನ್ಯ ಹೆಂಗಸರ ಕೂದಲು ಕತ್ತರಿಸುವ ತನ್ನ ಪುಟ್ಟ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚತೊಡಗಿದಳು.

ಡಾಕ್ಟರು ಎಲ್ಲಾ ನೋಡಿ, “ಮೊದಲು ಏನು ಕೆಲಸ ಮಾಡ್ತಿದ್ರು?” ಎಂದು ಕೇಳಿದ್ದರು. ಫುಟ್‌ಬಾಲ್, ಡಿಫೆನ್ಸಿನ ನಟ್ಟನಡುವೆ, ಎಂದಳು ಗ್ರಾನ್ಯ. ಚೆಂಡಿಗೆ ತಲೆ ಕೊಟ್ಟೂ ಕೊಟ್ಟೂ ಈ ಮರೆವು ಬಂತು ಅಂತ ಹೇಳಲಾಗದು, ಅದರಿಂದ ಅಲ್ಲ ಅಂತಲೂ ಹೇಳಲಾಗದು ಎಂದರು ಡಾಕ್ಟರು. ಆ ಮಾತು ಗ್ರಾನ್ಯಳ ಜೊತೆ ಕಾರಿನಲ್ಲಿ ಮನೆಗೆ ಬಂತು. ಮತ್ತೆ ಹೊರಗೆ ಹೋಗಲಿಲ್ಲ.

ಯಾಕೆಂದರೆ ಗಂಡ ಫಿಯಾಕ್ರನೂ ಡಿಫೆಂಡರ್. ಅದೇ ಊರು, ಅದೇ ತಂಡ, ಅದೇ ಜಾಗ.

ಫಿಯಾಕ್ರನಿಗೆ ಮೂವತ್ತೇಳು. ಬೆಳಗಿನ ಜಾವ ಬೇಕರಿಯ ವ್ಯಾನು ಓಡಿಸಿ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುತ್ತಿದ್ದ, ಸಂಜೆ ಅಭ್ಯಾಸ, ಶುಕ್ರವಾರ ಮ್ಯಾಚು. ಕೆಳಗಿನ ದರ್ಜೆಯ ಲೀಗಿನಲ್ಲಿ ಆಡುವವರೆಲ್ಲರ ಬದುಕೂ ಹೆಚ್ಚುಕಡಿಮೆ ಹೀಗೆಯೇ. ಹದಿನಾರನೇ ವಯಸ್ಸಿಗೆ ಅವನು ಇಂಗ್ಲೆಂಡಿನ ಒಂದು ಕ್ಲಬ್ಬಿಗೆ ಹೋಗಿದ್ದ. ಊರಿಗೆ ಊರೇ ಬಂದು ಬೀಳ್ಕೊಟ್ಟಿತ್ತು. ಅಲ್ಲಿ ಒಬ್ಬ ವಿಧವೆಯ ಮನೆಯ ಮೇಲಿನ ಕೋಣೆಯಲ್ಲಿದ್ದುಕೊಂಡು, ಸಂಜೆಯಾದರೆ ಕಿಟಕಿಯಿಂದ ಯಾರದೋ ಹಿತ್ತಲ ಬಟ್ಟೆತಂತಿ ನೋಡುತ್ತ ಅಮ್ಮ ಮಾಡುವ ಆಲೂಗಡ್ಡೆ ರೊಟ್ಟಿಯನ್ನು ನೆನೆಯುತ್ತಿದ್ದ. ಮೂರು ವರ್ಷದ ಮೇಲೆ ಮ್ಯಾನೇಜರು ಓಣಿಯಂಥ ಒಂದು ದಾರಿಯಲ್ಲಿ ನಿಲ್ಲಿಸಿ, ನೀನು ಒಳ್ಳೇ ಹುಡುಗ, ಆದರೆ ಸ್ವಲ್ಪ ನಿಧಾನ, ಎಂದು ಬೆನ್ನು ತಟ್ಟಿದ. ಹಡಗು ಹತ್ತಿ ವಾಪಸು ಬಂದ. ಬಂದರಿನಲ್ಲಿ ಮಲಾಕಿಯವರು ಒಬ್ಬರೇ ಕಾಯುತ್ತಿದ್ದರು. “ಊಟ ಆಯ್ತಾ?” ಎಂದಷ್ಟೇ ಕೇಳಿದ್ದು.

ಆಮೇಲೆ ದೇಶದ ಸಣ್ಣ ಸಣ್ಣ ಊರುಗಳ ತಂಡಗಳು. ಗೋಲಿನ ಹಿಂದೆ ಹಸು ಮೇಯುವ ಮೈದಾನ. ಬಿಸಿನೀರು ಬರದ ಸ್ನಾನದ ಕೋಣೆ. ಸಂಬಳ ಕೊಡದೆ ಸೀಸನ್ನಿನ ನಡುವೆ ಬಾಗಿಲು ಹಾಕಿಕೊಂಡ ಒಂದು ಕ್ಲಬ್ಬು. ಕಡೆಗೆ ಕಿಲ್‌ಕಾರನ್. ಇಲ್ಲಿ ಅವನು ಕ್ಯಾಪ್ಟನ್ ಆದ. ಕೆಲವು ವರ್ಷದ ಹಿಂದೆ ತಂಡ ಮೇಲಿನ ದರ್ಜೆಗೆ ಏರುವ ಹೊಸ್ತಿಲಲ್ಲಿದ್ದಾಗ, ಕೊನೆಯ ಮ್ಯಾಚಿನಲ್ಲಿ ಒದ್ದೆ ಹುಲ್ಲಿನ ಮೇಲೆ ಫಿಯಾಕ್ರನ ಕಾಲು ಜಾರಿತು. ಎದುರಾಳಿ ಅವನನ್ನು ದಾಟಿಕೊಂಡು ಹೋಗಿ ಗೋಲು ಹೊಡೆದ. ತಂಡ ಕೆಳಗಿನ ದರ್ಜೆಯಲ್ಲೇ ಉಳಿಯಿತು. ಊರಿನವರು ಆ ಮಾತು ಎತ್ತುವುದಿಲ್ಲ. ಎತ್ತುವುದಿಲ್ಲ ಎನ್ನುವುದೇ ಅವನಿಗೆ ಗೊತ್ತಾಗುವ ಹಾಗೆ ಎತ್ತುವುದಿಲ್ಲ.

ಆಗಸ್ಟಿನ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಬೇಯಿಸಿದ ಹಂದಿಮಾಂಸ, ಎಲೆಕೋಸು, ಆಲೂಗಡ್ಡೆ. ಗ್ರಾನ್ಯ ಮಾವನ ತಟ್ಟೆಯ ಮಾಂಸವನ್ನು ಸಣ್ಣಗೆ ಕತ್ತರಿಸುತ್ತಿದ್ದಳು.

“ಕಾರ್ಮಕ್ ಕರ್ದಿದ್ದ,” ಎಂದ ಫಿಯಾಕ್ರ. ಕಾರ್ಮಕ್ ಅಂದರೆ ತಂಡದ ಮ್ಯಾನೇಜರು. “ಮುಂದಿನ ವರ್ಷಾನೂ ಆಡು ಅಂತಾನೆ.”

ಗ್ರಾನ್ಯಳ ಚಾಕು ನಿಂತಿತು. “ನೀನೇನಂದೆ?”

“ಯೋಚ್ನೆ ಮಾಡ್ತೀನಿ ಅಂದೆ.”

“ಯೋಚ್ನೆ ಮಾಡೋದೇನಿದೆ ಅದ್ರಲ್ಲಿ?”

“ಈ ಸಲ ನಾವು ಮೇಲೆ ಹೋಗ್ಬಹುದು ಕಣೇ. ಹುಡುಗ್ರು ಚೆನ್ನಾಗಿದ್ದಾರೆ.”

“ಹುಡುಗ್ರು ಹೋಗ್ಲಿ. ನಿನ್ನ ಹೊತ್ಕೊಂಡೇ ಹೋಗ್ಬೇಕಾ?” ಅವಳು ದನಿ ಏರಿಸಲಿಲ್ಲ. ಮಾವನ ಕಡೆ ಕಣ್ಣು ಹಾಯಿಸಿ, ಮತ್ತೆ ಗಂಡನನ್ನು ನೋಡಿದಳು. “ಒಬ್ರಿಗೆ ನಾನು ಮಾಂಸ ಕತ್ತರಿಸ್ತಿದ್ದೀನಿ. ಬೇಜಾರಿಲ್ಲ, ಮಾಡ್ತೀನಿ. ಇಬ್ರಿಗೆ ನನ್ನ ಕೈಲಾಗಲ್ಲ ಫಿಯಾಕ್ರ.”

“ಈಗಿನ ಚೆಂಡು ಹಗುರ. ಅಪ್ಪನ ಕಾಲದ್ದಲ್ಲ.”

“ಹಗುರ ಆದ್ರೆ ಜೋರಾಗಿ ಬರತ್ತೆ. ನೀನೇ ಹೇಳಿದ್ದು.”

ಮಲಾಕಿಯವರು ತಲೆಯೆತ್ತಿದರು. “ಎಲೆಕೋಸು ಚೆನ್ನಾಗಿದೆ,” ಎಂದು ಸೊಸೆಗೆ ಹೇಳಿ, ಮಗನ ಕಡೆ ತಿರುಗಿ ಗಂಭೀರವಾಗಿ, “ಆ ಒಂಬತ್ತನೇ ನಂಬರಿನವನಿಗೆ ಮುಂಚೆನೇ ಮೈ ತಾಗಿಸ್ಬಿಡು. ಆಮೇಲೆ ನೆಗೆಯಲ್ಲ ಅವ್ನು,” ಎಂದರು.

ಬ್ರೋನಾ ನಗು ತಡೆಯಲಾರದೆ ಆಲೂಗಡ್ಡೆ ನುಂಗಿ ಕೆಮ್ಮಿದಳು. ಆ ಸಂಜೆಯ ಜಗಳ ಅಲ್ಲಿಗೆ ನಿಂತಿತು.

ಬ್ರೋನಾಗೆ ಹದಿನಾರು. ಅಪ್ಪನ ಎತ್ತರ, ಅಜ್ಜನ ಹಣೆ. ಊರಿನ ಹುಡುಗಿಯರ ತಂಡದಲ್ಲಿ ಅವಳೂ ಡಿಫೆನ್ಸಿನಲ್ಲೇ. ಅದು ಯಾರೂ ಹೇಳಿಕೊಟ್ಟು ಆದದ್ದಲ್ಲ. ಎಲ್ಲರೂ ಗೋಲು ಹೊಡೆಯಲು ಮುಂದೆ ಓಡುವಾಗ ಇವಳು ಚಿಕ್ಕಂದಿನಿಂದಲೇ ಹಿಂದೆ ಉಳಿಯುತ್ತಿದ್ದಳು. ಶಾಲೆಯಿಂದ ಬಂದ ಮೇಲೆ ಅಜ್ಜನನ್ನು ನೋಡಿಕೊಳ್ಳುವುದು ಅವಳ ಪಾಲಿನ ಕೆಲಸ. ಮೊದಮೊದಲು ಗೊಣಗುತ್ತಿದ್ದಳು. ಆಮೇಲೆ ಅಜ್ಜನ ಶುಕ್ರವಾರಗಳೊಳಗೆ ತಾನೂ ಹೊಕ್ಕುಬಿಟ್ಟಳು. “ಇವತ್ತು ಯಾರ ಮೇಲೆ ತಾತ?” ಎಂದು ಕೇಳುವಳು. ಅವರು ಎಂದೋ ಮುಚ್ಚಿಹೋದ ಯಾವುದೋ ಕಾರ್ಖಾನೆಯ ತಂಡದ ಹೆಸರು ಹೇಳುವರು. ಅದರ ಆಟಗಾರರನ್ನು ಒಬ್ಬೊಬ್ಬರನ್ನಾಗಿ ವರ್ಣಿಸುವರು. ಸತ್ತುಹೋದ ಎಷ್ಟೋ ಜನ ಹೀಗೆ ಹಿತ್ತಲಿನ ಮಂದ ಬಿಸಿಲಿನಲ್ಲಿ ಬಂದು, ಕಾಲುಚೀಲ ಎಳೆದುಕೊಂಡು, ಹುಲ್ಲಿನ ಮೇಲೆ ಓಡಾಡಿ ಹೋಗುತ್ತಿದ್ದರು.

ಸೆಪ್ಟೆಂಬರಿನ ಮೊದಲಲ್ಲಿ ಒಂದು ಮಧ್ಯಾಹ್ನ ಗ್ರಾನ್ಯ ಪಾತ್ರೆ ತೊಳೆಯುತ್ತ ಕಿಟಕಿಯಿಂದ ನೋಡಿದಳು. ಮಾವ ಎರಡೂ ಕೈಯಿಂದ ಚೆಂಡು ಮೇಲಕ್ಕೆ ಎಸೆಯುತ್ತಿದ್ದಾರೆ; ಮಗಳು ನೆಗೆದು ಹಣೆಯಿಂದ ಹೊಡೆಯುತ್ತಿದ್ದಾಳೆ. ಠಪ್. ಮತ್ತೆ ಎಸೆತ. ಠಪ್. “ಕಣ್ಣು ಮುಚ್ಬಾರ್ದು ಪುಟ್ಟಿ. ಕುತ್ತಿಗೆ ಗಟ್ಟಿ ಮಾಡು,” ಎನ್ನುತ್ತಿದ್ದರು ಮುದುಕರು. ಕಳೆದ ತಿಂಗಳುಗಳಲ್ಲಿ ಅವರ ದನಿ ಅಷ್ಟು ಸ್ಪಷ್ಟವಾಗಿ ಎಂದೂ ಕೇಳಿಸಿರಲಿಲ್ಲ.

ಗ್ರಾನ್ಯ ಸೋಪಿನ ಕೈಯಲ್ಲೇ ಹೊರಗೆ ಓಡಿದಳು. ಚೆಂಡು ಕಿತ್ತುಕೊಂಡಳು.

“ಈ ಮನೇಲಿ ಇನ್ಮೇಲೆ ಯಾರೂ ತಲೆಯಿಂದ ಹೊಡೀಬಾರ್ದು! ಕೇಳಿಸ್ತಾ?”

“ಅಮ್ಮಾ, ನಾನೇ ಹೇಳ್ಕೊಡಿ ಅಂದಿದ್ದು. ತಾತನ್ನ ಬೈಬೇಡ.”

“ನಾನು ಯಾರನ್ನೂ ಬೈತಿಲ್ಲ!”

“ಇನ್ನೇನು ಮಾಡ್ತಿದ್ದೀಯ ಮತ್ತೆ?”

ಮಲಾಕಿಯವರು ಖಾಲಿಯಾದ ಎರಡು ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು ನಿಂತಿದ್ದರು. “ಚೆಂಡು ಆಚೆ ಹೋಯ್ತಾ?” ಎಂದು ಕೇಳಿದರು. ಗ್ರಾನ್ಯಳಿಗೆ ಅಳು ಬಂತು. “ಹೂಂ ಮಾವ, ಆಚೆ ಹೋಯ್ತು. ಒಳಗೆ ಬನ್ನಿ, ಟೀ ಕುಡಿಯೋಣ,” ಎಂದು ಅವರ ತೋಳು ಹಿಡಿದಳು. ಅವರ ಕೋಟಿನ ತೋಳಿನ ಮೇಲೆ ಸೋಪಿನ ನೊರೆ ಅಂಟಿತು.

ಸಂಜೆ ಫಿಯಾಕ್ರ ಬಂದ ಮೇಲೆ ಮಗಳನ್ನು ಕೂರಿಸಿಕೊಂಡು ಸಮಾಧಾನದಿಂದ ಮಾತಾಡಿದ. “ಅಮ್ಮ ಹೇಳೋದು ಸರಿ. ನೀನಿನ್ನೂ ಚಿಕ್ಕವಳು. ಕಾಲಲ್ಲಿ ಆಡು. ತಲೆಗೆ ಬಂದಿದ್ದನ್ನ ಬಿಟ್ಬಿಡು.”

“ಡಿಫೆಂಡರ್ ಬಿಟ್ರೆ ಗೋಲಾಗತ್ತೆ.”

“ಆಗ್ಲಿ.”

“ನೀನು ಬಿಡ್ತೀಯಾ?”

ಗ್ರಾನ್ಯ ಇಸ್ತ್ರಿ ಮಾಡುತ್ತಿದ್ದವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

“ನೀನು ನಿಲ್ಸಿದ್ರೆ ನಾನೂ ನಿಲ್ಲಿಸ್ತೀನಿ,” ಎಂದಳು ಬ್ರೋನಾ. “ನೀನು ಹೊಡ್ದ್ರೆ ನಾನೂ ಹೊಡೀತೀನಿ. ನಿನ್ನ ತಲೆ ಬೇರೆ, ನನ್ನ ತಲೆ ಬೇರೆ ಅಂತಿಲ್ಲ ಅಲ್ವಾ?”

“ನನ್ನ ಕೆಲ್ಸ ಅದು, ಮಗಾ.”

“ಬ್ರೆಡ್ಡು ಹಾಕೋದೂ ನಿನ್ನ ಕೆಲ್ಸಾನೇ.”

ಫಿಯಾಕ್ರ ನಗಲು ನೋಡಿದ. ಮಗಳು ನಗಲಿಲ್ಲ. ಕಡೆಗೆ ಅವನು ಕೈ ಚಾಚಿದ. ಇಬ್ಬರೂ ಕೈ ಕುಲುಕಿದರು. ಗ್ರಾನ್ಯ ಅಂಗಿ ಮಡಿಸತೊಡಗಿದಳು. ಆ ಒಪ್ಪಂದ ಬಹಳ ದಿನ ನಡೆದೀತೆಂದು ಅವಳಿಗೆ ನಂಬಿಕೆಯಿರಲಿಲ್ಲ.

ಮುಂದಿನ ಶುಕ್ರವಾರ ಕಿಲ್‌ಕಾರನ್ ಮೈದಾನದಲ್ಲಿ ದೀಪಗಳ ಕೆಳಗೆ ಜಿನುಗು ಮಳೆ ಹೊಳೆಯುತ್ತಿತ್ತು. ಫಿಯಾಕ್ರ ಚೆನ್ನಾಗಿಯೇ ಆಡುತ್ತಿದ್ದ. ಎಲ್ಲರಿಗಿಂತ ಮುಂಚೆ ಜಾಗ ಹಿಡಿದು, ಎದೆಗೊಡ್ಡಿ, ಕಾಲಿನಿಂದ ತಡೆದು ನಿಭಾಯಿಸಿದ. ಮ್ಯಾಚು ಮುಗಿಯುವ ಹೊತ್ತಿಗೆ ಬಲಗಡೆಯಿಂದ ಒಂದು ಚೆಂಡು ಎತ್ತರಕ್ಕೆ ಎದ್ದು ಬಂತು. ನಿಧಾನವಾಗಿ, ದೀಪದ ಬೆಳಕಿನಲ್ಲಿ ಸುತ್ತುತ್ತ, ನೇರವಾಗಿ ಅವನ ಹಣೆಗೇ. ಇಪ್ಪತ್ತು ವರ್ಷದಿಂದ ಅವನ ಮೈಗೆ ಗೊತ್ತಿದ್ದ ಚೆಂಡು ಅದು. ಕಾಲುಗಳು ತಾವಾಗಿಯೇ ಬಾಗಿದವು. ಅವನು ತಲೆ ತಗ್ಗಿಸಿದ. ಚೆಂಡು ಕೂದಲ ಮೇಲಿಂದ ಗಾಳಿಯಂತೆ ಹಾದುಹೋಯಿತು. ಹಿಂದೆ ನಿಂತಿದ್ದ ಎದುರಾಳಿ ಗೋಲು ಹೊಡೆದ.

ಗೋಲ್‌ಕೀಪರ್ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡಿದ.

ಡ್ರೆಸ್ಸಿಂಗ್ ಕೋಣೆಯಲ್ಲಿ ಕಾರ್ಮಕ್ ಕೂಗಾಡಲಿಲ್ಲ. ಎಲ್ಲರೂ ಹೋಗುವವರೆಗೆ ಕಾದು, ಪಕ್ಕದಲ್ಲಿ ಕೂತ.

“ದೀಪ ಕಣ್ಣಿಗೆ ಹೊಡೀತೇನೋ?”

“ಇಲ್ಲ. ಬಿಟ್ಟೆ.”

“ಬಿಟ್ಟೆ ಅಂದ್ರೆ?”

“ಮಗಳಿಗೆ ಮಾತು ಕೊಟ್ಟಿದ್ದೀನಿ. ಇನ್ಮೇಲೆ ತಲೆಯಿಂದ ಹೊಡ್ಯಲ್ಲ.”

“ಲೋ ಫಿಯಾಕ್ರ, ಈಜು ಬಿಟ್ಟಿರೋ ಮೀನು ಇಟ್ಕೊಂಡು ನಾನೇನು ಮಾಡ್ಲೋ?” ಎಂದ ಕಾರ್ಮಕ್. ಆಮೇಲೆ ಅವನ ಮಂಡಿಯ ಮೇಲೆ ಕೈಯಿಟ್ಟು, “ನಿಮ್ಮಪ್ಪ ಹೇಗಿದ್ದಾರೆ?” ಎಂದು ಕೇಳಿದ. ಮುಂದಿನ ವಾರದಿಂದ ಫಿಯಾಕ್ರ ಬೆಂಚಿನ ಮೇಲೆ ಕೂತ.

ಬ್ರೆಡ್ಡು ಹಾಕುವ ಅಂಗಡಿಗಳಲ್ಲಿ ಜನ ಅವನನ್ನು ನೋಡಿ ಮಾತು ಬದಲಿಸುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ಮುಖಕ್ಕೆ ಹೊಡೆದ ಹಾಗೆ ಕೇಳಿಯೇಬಿಟ್ಟಳು: “ಏನಪ್ಪಾ, ಕೂದ್ಲು ಹಾಳಾಗತ್ತೆ ಅಂತ ಬಗ್ಗಿದ್ಯಂತೆ? ನಿನ್ನ ಹೆಂಡ್ತಿ ಅಂಗಡೀಲಿ ಸೆಟ್ ಮಾಡಿಸ್ಕೊಂಡಿದ್ಯಾ?” ಅವನು ನಕ್ಕು ಅವಳಿಗೆ ಒಂದು ಬನ್ನು ಹೆಚ್ಚಿಗೆ ಕೊಟ್ಟ.

ಮನೆಯಲ್ಲಿ ಗೆದ್ದವರ ಸಂಭ್ರಮವೇನೂ ಇರಲಿಲ್ಲ. ಬ್ರೋನಾ ಮಾತು ಉಳಿಸಿಕೊಂಡಳು. ಅವಳ ಕೋಚ್ ಅವಳನ್ನು ನಡುಮೈದಾನಕ್ಕೆ ಕಳಿಸಿದಳು. ಅಲ್ಲಿ ಬ್ರೋನಾ ದಾರಿ ತಪ್ಪಿದವಳ ಹಾಗೆ ತಿರುಗಿ, ಮನೆಗೆ ಬಂದು ಬೂಟು ಮೂಲೆಗೆ ಎಸೆಯುತ್ತಿದ್ದಳು. ಫಿಯಾಕ್ರ ಮಂಜು ಮುಸುಕಿದ ರಸ್ತೆಗಳಲ್ಲಿ ವ್ಯಾನು ಓಡಿಸುವಾಗ ಬೇಲಿಗಳಾಚೆ ಎತ್ತರಕ್ಕೆ ಏನೋ ತೇಲಿ ಬಂದಂತಾಗಿ ಕುತ್ತಿಗೆ ಬಿಗಿಯುತ್ತಿತ್ತು. ನೋಡಿದರೆ ಕಾಗೆ. ಒಮ್ಮೊಮ್ಮೆ ಅದೂ ಇಲ್ಲ.

“ನಿಂಗೆ ನನ್ನ ಮೇಲೆ ಕೋಪ ಇದ್ಯಾ?” ಎಂದು ಗ್ರಾನ್ಯ ಒಂದು ಭಾನುವಾರ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೇಳಿದಳು.

“ಇಲ್ಲ.”

“ಇದ್ರೆ ಹೇಳು. ಒಳಗಿಟ್ಕೊಂಡು ಓಡಾಡ್ಬೇಡ.”

“ಒಂದೇ ಒಂದು ಸಲ ಮೇಲಿನ ದರ್ಜೆಗೆ ಹೋಗ್ಬೇಕಿತ್ತು ಕಣೇ. ಜಾರಿದ್ದು ಆಮೇಲೆ ಯಾರ ನೆನಪಲ್ಲೂ ಇರ್ತಿರ್ಲಿಲ್ಲ.”

“ನನ್ನ ನೆನಪಲ್ಲಿ ಈಗ್ಲೂ ಇಲ್ಲ.”

“ನೀನಂದು ಮ್ಯಾಚಿಗೇ ಬಂದಿರ್ಲಿಲ್ಲ.”

“ಅದಕ್ಕೇ,” ಎಂದಳು ಗ್ರಾನ್ಯ. ಇಬ್ಬರೂ ನಕ್ಕರು. ಎಷ್ಟೋ ವಾರದ ಮೇಲೆ ಆ ಅಡುಗೆಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು ಅಂದೇ.

ಅಕ್ಟೋಬರಿನ ಕೊನೆಗೆ ತಂಡ ಮತ್ತೆ ಆ ಹೊಸ್ತಿಲಿಗೆ ಬಂದು ನಿಂತಿತು. ಬಡ್ತಿಗಾಗಿ ಎರಡು ಮ್ಯಾಚು: ಮೊದಲನೆಯದು ಕಿಲ್‌ಕಾರನ್‌ನಲ್ಲಿ, ಇನ್ನೊಂದು ಎದುರಾಳಿಗಳ ಊರಲ್ಲಿ. ಫಿಯಾಕ್ರನ ಜಾಗಕ್ಕೆ ಬಂದಿದ್ದ ಹುಡುಗ ಮ್ಯಾಚಿನ ಹಿಂದಿನ ದಿನ ಅಭ್ಯಾಸದಲ್ಲಿ ಪಾದ ಉಳುಕಿಸಿಕೊಂಡ. ಕಾರ್ಮಕ್ ಫೋನು ಮಾಡಿದ.

“ನೀನು ಆಡ್ಬೇಕು. ತಲೆ ಕೊಡ್ತೀಯೋ ಕಾಲು ಕೊಡ್ತೀಯೋ ನಿಂಗೆ ಬಿಟ್ಟಿದ್ದು. ಹಿಂದೆ ನಿಂತ್ಕೊಂಡು ಹುಡುಗ್ರಿಗೆ ಕೂಗಿ ಹೇಳೋಕಾದ್ರೂ ನೀನು ಬೇಕು.”

ಮ್ಯಾಚಿನ ದಿನ ಮಧ್ಯಾಹ್ನ ಬ್ರೋನಾ ಅಪ್ಪನ ಪಕ್ಕ ಬಂದು ಕೂತಳು. ಒಣಹಣ್ಣಿನ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಅವನ ಮುಂದಿಟ್ಟಳು.

“ಅಪ್ಪ, ಇವತ್ತೊಂದಿನ ಹೊಡಿ.”

“ಏನು?”

“ಇವತ್ತೊಂದಿನ ಲೆಕ್ಕಕ್ಕಿಲ್ಲ. ನಾನು ಅದನ್ನ ಹಿಡ್ಕೊಂಡು ಆಮೇಲೆ ಜಗಳಕ್ಕೆ ಬರಲ್ಲ. ನೀನು ಮೇಲೆ ಹೋಗ್ಬೇಕು.” ಅವಳ ಕಣ್ಣು ತುಂಬಿತ್ತು.

ಬಾಗಿಲಲ್ಲಿ ಗ್ರಾನ್ಯ ನಿಂತಿದ್ದಳು. ಕೇಳಿಸಿಕೊಂಡಿದ್ದಳು. ಬೇಡ ಎನ್ನಲು ಬಾಯಿ ತೆರೆದವಳು, ಮಗಳ ಮುಖ ನೋಡಿ, “ಕೋಟು ಹಾಕ್ಕೋ ಬ್ರೋನಾ. ತಾತಂಗೂ ಶಾಲು ಸುತ್ತು, ಕರ್ಕೊಂಡು ಹೋಗೋಣ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಅಂದು ಸಂಜೆ ನದಿಮುಖದಿಂದ ಮಂಜು ಬಂತು. ಮೊದಲು ಗೋಲಿನ ಹಿಂದಿನ ಗೋಡೆ ಮರೆಯಾಯಿತು, ಆಮೇಲೆ ಆಚೆ ಬದಿಯ ಜನ. ದೀಪಗಳು ಮಂಜಿನೊಳಗೆ ಹಾಲಿನ ಬಟ್ಟಲುಗಳಂತೆ ತೇಲಿದವು. ಆಟಗಾರರು ಅದರಿಂದ ಹೊರಬಂದು ಮತ್ತೆ ಅದರೊಳಗೇ ಹೋಗುತ್ತಿದ್ದರು. ಚೆಂಡಿಗೆ ಬಿದ್ದ ಒದೆತದ ಸದ್ದು ಚೆಂಡಿಗಿಂತ ಮೊದಲು ತಲುಪುತ್ತಿತ್ತು. ರೆಫರಿ ಎರಡು ಸಲ ನಿಂತು ಸುತ್ತಲೂ ನೋಡಿ, ಆಡಿ ಎಂದು ಕೈಮಾಡಿದ. ಒಂದೊಂದು ಗೋಲಿಗೆ ಸಮವಾಗಿತ್ತು.

ದ್ವಿತೀಯಾರ್ಧದಲ್ಲಿ ಎದುರಾಳಿಗಳಿಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ, ಸಿಕ್ಕಿತು. ಗೋಲಿನ ಮುಂದೆ ಎಲ್ಲರೂ ಒತ್ತೊತ್ತಾಗಿ ನಿಂತರು. ಈ ಚೆಂಡು ತನ್ನ ತಲೆಗೇ ಬರುತ್ತದೆ ಎಂದು ಫಿಯಾಕ್ರನಿಗೆ ಗೊತ್ತಿತ್ತು. ಹೊಡೆಯುತ್ತೇನೆ ಎಂದೂ ಗೊತ್ತಿತ್ತು. ಅವನು ಕುತ್ತಿಗೆ ಗಟ್ಟಿಮಾಡಿಕೊಂಡ. ಅಷ್ಟರಲ್ಲಿ ಯಾರೋ ಅವನ ಮೊಣಕೈ ಹಿಡಿದರು.

“ನೀನು ಹತ್ತಿರದ ಗೋಲುಕಂಬ ನೋಡ್ಕೋ. ದೂರದ್ದು ನಂದು.”

ತಿರುಗಿದರೆ ಅಪ್ಪ. ಕಪ್ಪು ಕೋಟು, ಕುತ್ತಿಗೆಗೆ ಶಾಲು, ಮಂಡಿಯವರೆಗೆ ಕೆಸರು. ಗ್ರಾನ್ಯ ಟೀ ತರಲು ಹೋಗಿದ್ದಳು. ಬ್ರೋನಾ ಕಾರ್ನರಿನತ್ತಲೇ ಕಣ್ಣಿಟ್ಟಿದ್ದಳು. ಮುದುಕರು ಮೈದಾನದ ಕಂಬಿಬೇಲಿ ದಾಟಿ ಮಂಜಿನೊಳಗೆ ನಡೆದು ನೇರವಾಗಿ ತಮ್ಮ ಜಾಗಕ್ಕೆ ಬಂದಿದ್ದರು.

ರೆಫರಿ ಸೀಟಿ ಊದಿದ. ಯಾರೂ ಕದಲಲಿಲ್ಲ. ಎದುರಾಳಿಗಳ ಒಂಬತ್ತನೇ ನಂಬರಿನವನು ಬಾಗಿಲೆತ್ತರದ ಹುಡುಗ. ಅವನು ಮುದುಕರನ್ನು ನೋಡಿ, ಫಿಯಾಕ್ರನನ್ನು ನೋಡಿ, ಮೆಲ್ಲಗೆ ಕೇಳಿದ: “ನನ್ನ ಯಾರು ನೋಡ್ಕೋತಾರೆ ಮತ್ತೆ?”

“ನಿನ್ನ ನಾನೇ ನೋಡ್ಕೋತೀನಿ ಮರಿ,” ಎಂದರು ಮಲಾಕಿಯವರು. “ಮೊಣಕೈ ಮಾತ್ರ ಹಾಕ್ಬೇಡ.”

“ಇಲ್ಲ ಸಾರ್, ಹಾಕಲ್ಲ,” ಎಂದ ಹುಡುಗ.

“ಅಪ್ಪ,” ಎಂದ ಫಿಯಾಕ್ರ. “ನಮ್ಮಿಬ್ರನ್ನೂ ಹೊರಗೆ ಕರೀತಿದ್ದಾರೆ. ಬದಲಿ ಆಟಗಾರ್ರು ಬರ್ತಾರಂತೆ.”

“ಇಬ್ರನ್ನೂ?” ಮಲಾಕಿಯವರಿಗೆ ಅದು ಸ್ವಲ್ಪ ಅನ್ಯಾಯ ಎನ್ನಿಸಿತು. “ಯಾಕಂತೆ?”

“ಚೆನ್ನಾಗಿ ಆಡಿದ್ವಂತೆ. ಇನ್ನು ಸಾಕಂತೆ.”

ಮುದುಕರು ಯೋಚಿಸಿ, ತಲೆಯಾಡಿಸಿ, ಹುಡುಗನ ಕೈ ಕುಲುಕಿದರು. ರೆಫರಿಯ ಕೈಯನ್ನೂ ಕುಲುಕಿದರು. ಅಪ್ಪ ಮಗ ತೋಳಿಗೆ ತೋಳು ಹಾಕಿಕೊಂಡು ಮೈದಾನದ ಉದ್ದಕ್ಕೂ ನಡೆದರು. ಮಂಜಿನೊಳಗಿಂದ ಎಲ್ಲೋ ಒಂದು ಮುದಿ ದನಿ “ಟೂಹಿ!” ಎಂದಿತು. ಇನ್ನೊಂದು ದನಿ ಸೇರಿತು. ಮುಖ ಕಾಣದ ಜನರೆಲ್ಲ ಕೂಗಿದರು: ಟೂಹಿ, ಟೂಹಿ. ಇಬ್ಬರಲ್ಲಿ ಯಾರನ್ನು ಕೂಗುತ್ತಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಮಲಾಕಿಯವರು ಒಂದು ಕೈ ಎತ್ತಿದರು, ಅಷ್ಟೇನೂ ದೊಡ್ಡ ವಿಷಯವಲ್ಲ ಎನ್ನುವ ಹಾಗೆ.

ಗೆರೆಯ ಹತ್ತಿರ ಗ್ರಾನ್ಯ ಟೀ ಲೋಟ ಹಿಡಿದು ಬಿಳಿಚಿಕೊಂಡು ನಿಂತಿದ್ದಳು. “ಒಂದೇ ನಿಮಿಷ ಫಿಯಾಕ್ರ, ಒಂದೇ ನಿಮಿಷ ತಿರುಗಿದ್ದೆ…”

“ಏನೂ ಆಗಿಲ್ಲ. ಸರಿಯಾದ ಜಾಗಕ್ಕೇ ಬಂದಿದ್ರು.”

ಡ್ರೆಸ್ಸಿಂಗ್ ಕೋಣೆಯಲ್ಲಿ ಫಿಯಾಕ್ರ ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ ಟವೆಲಿನಿಂದ ಕೆಸರು ಒರೆಸಿದ. ತಾನೂ ಪಕ್ಕದಲ್ಲಿ ಕೂತ. ಮಲಾಕಿಯವರು ಮೆಲ್ಲಗೆ ಬಗ್ಗಿ ಮಗನ ಬೂಟಿನ ದಾರಕ್ಕೆ ಕೈ ಹಾಕಿದರು. ಒದ್ದೆ ಗಂಟು. ಆದರೆ ಗಂಟಿನ ಗುಟ್ಟು ಅವರ ಬೆರಳುಗಳಿಗೆ ಗೊತ್ತಿತ್ತು. ಒಂದು ಬಿಚ್ಚಿ ಪಕ್ಕಕ್ಕಿಟ್ಟರು. ಇನ್ನೊಂದಕ್ಕೆ ಕೈ ಹಾಕಿದರು. ಫಿಯಾಕ್ರ ತಡೆಯಲಿಲ್ಲ.

ಕಾರ್ಮಕ್‌ನ ಸಹಾಯಕ ಬಾಗಿಲು ತಳ್ಳಿಕೊಂಡು ಬಂದ. “ರೆಫರಿ ಕಾಯ್ತಿದ್ದಾನೆ. ನೀನು ವಾಪಸ್ಸು ಬರ್ಬಹುದಂತೆ. ಬರ್ತೀಯಾ, ಬೆಂಚಿನಲ್ಲಿರೋ ಹುಡುಗನ್ನ ಕಳಿಸ್ಲಾ?”

ಫಿಯಾಕ್ರ ತನ್ನ ಕಾಲು ನೋಡಿಕೊಂಡ.

“ಬೂಟು ಬಿಚ್ಬಿಟ್ರು,” ಎಂದ. “ಹುಡುಗನ್ನೇ ಕಳ್ಸು.”

ಆ ಮ್ಯಾಚು ಹಾಗೇ ಸಮವಾಗಿ ಮುಗಿಯಿತು. ಮುಂದಿನ ವಾರ ಅವರೂರಲ್ಲಿ ಕಿಲ್‌ಕಾರನ್ ಸೋತಿತು. ಮೇಲಿನ ದರ್ಜೆ ಮತ್ತೊಂದು ವರ್ಷ ದೂರ ಹೋಯಿತು. ಕಾರ್ಮಕ್ ಮನೆಗೇ ಬಂದು, ಮುಂದಿನ ವರ್ಷ ಆಡ್ತೀಯಾ ಎಂದು ಕೇಳಿದ. ಫಿಯಾಕ್ರ ಆಗಲ್ಲ ಎಂದ. ಗ್ರಾನ್ಯ ಇಬ್ಬರಿಗೂ ಟೀ ಕೊಟ್ಟು, ಕಾರ್ಮಕ್ ಹೋದ ಮೇಲೆ ಕುರ್ಚಿಯಲ್ಲಿ ಕುಸಿದಳು.

“ನಾನು ಕೇಳಿದ್ದು ಇದನ್ನೇ ಅಲ್ವಾ? ಸಿಕ್ಕಿದ್ಮೇಲೆ ಯಾಕೋ ಖುಷಿ ಆಗ್ತಿಲ್ಲ.”

“ನಂಗೂ ಇಲ್ಲ. ಆಗತ್ತೆ, ಇರು.”

ಅವಳು ಅವನ ತಲೆಯನ್ನು ತನ್ನ ಕಡೆಗೆ ಎಳೆದುಕೊಂಡು, ಹುಬ್ಬಿನ ಮೇಲಿನ ಹಳೇ ಹೊಲಿಗೆಯ ಗುರುತನ್ನು ಬೆರಳಿನಿಂದ ಸವರಿದಳು.

ನವೆಂಬರಿನ ಒಂದು ಭಾನುವಾರ ಬ್ರೋನಾಳ ತಂಡಕ್ಕೆ ಪಕ್ಕದೂರಿನ ಮೇಲೆ ಮ್ಯಾಚಿತ್ತು. ಒಬ್ಬ ಹುಡುಗಿಗೆ ಜ್ವರ ಬಂದದ್ದರಿಂದ ಕೋಚ್ ಅವಳನ್ನು ಮತ್ತೆ ಡಿಫೆನ್ಸಿಗೆ ಹಾಕಿದ್ದಳು. ಮನೆಯವರೆಲ್ಲ ಗೆರೆಯ ಪಕ್ಕ ನಿಂತಿದ್ದರು. ಮಲಾಕಿಯವರು ಮಡಚುವ ಕುರ್ಚಿಯಲ್ಲಿ, ಮಂಡಿಗೆ ಕಂಬಳಿ ಹೊದ್ದು ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಗ್ರಾನ್ಯ ಈ ಸಲ ಅವರ ಕೈ ಬಿಟ್ಟಿರಲಿಲ್ಲ. ಕಡಲ ಕಡೆಯ ಆಕಾಶ ಬೂದು ಬಣ್ಣಕ್ಕೆ ತಿರುಗಿ ಬೆಳಕು ಎಲ್ಲಿಂದ ಬರುತ್ತಿದೆಯೋ ತಿಳಿಯದಂತಿತ್ತು.

ಎದುರಾಳಿಗಳ ಗೋಲ್‌ಕೀಪರ್ ಹುಡುಗಿ ಜೋರಾಗಿ ಒದ್ದಳು. ಚೆಂಡು ಗಾಳಿಗೆ ಸಿಕ್ಕಿ ಮೇಲೆ, ಇನ್ನೂ ಮೇಲೆ ಹೋಗಿ, ಅಲ್ಲೇ ಒಂದು ಗಳಿಗೆ ತಂಗಿದ ಹಾಗಿದ್ದು, ಬ್ರೋನಾಳ ಹಣೆಯತ್ತ ಇಳಿಯತೊಡಗಿತು. ಅವಳು ಅದರ ಕೆಳಗೆ ಬಂದು ನಿಂತಳು. ಮಂಡಿ ಬಾಗಿದವು. ಫಿಯಾಕ್ರನ ಕುತ್ತಿಗೆ ತಾನಾಗಿಯೇ ಬಿಗಿಯಿತು. ಗ್ರಾನ್ಯ ಕಣ್ಣು ಮುಚ್ಚಿಕೊಂಡಳು.

ಬ್ರೋನಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಚೆಂಡು ನೆಲಕ್ಕೆ ಬಿದ್ದು ಪುಟಿದು ಅವಳನ್ನು ದಾಟಿತು. ಹಿಂದಿನಿಂದ ಓಡಿಬಂದ ಹುಡುಗಿ ಅದನ್ನು ಸಲೀಸಾಗಿ ಗೋಲಿಗೆ ತಳ್ಳಿದಳು. ಬ್ರೋನಾಳ ಜೊತೆಗಾತಿಯರು ಅವಳ ಮೇಲೆ ಕೂಗಾಡಿದರು. ಕೋಚ್ ತನ್ನ ಟೋಪಿಯನ್ನು ನೆಲಕ್ಕೆ ಬಡಿದಳು. ಬ್ರೋನಾ ಸೊಂಟದ ಮೇಲೆ ಕೈಯಿಟ್ಟುಕೊಂಡು, ಕೆಂಪು ಮುಖದಲ್ಲಿ ಗೆರೆಯ ಕಡೆ ನೋಡಿದಳು.

ಅಲ್ಲಿ ಒಬ್ಬನೇ ಒಬ್ಬ ಚಪ್ಪಾಳೆ ತಟ್ಟುತ್ತಿದ್ದ. ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗಿಯ ಅಪ್ಪ ಅವನ ತೋಳು ಹಿಡಿದು ಅಲ್ಲಾಡಿಸಿದ.

“ಫಿಯಾಕ್ರ, ಗೋಲು ಬಿದ್ದಿದ್ದು ನಮಗೆ ಕಣೋ!”

“ಗೊತ್ತು,” ಎಂದ ಫಿಯಾಕ್ರ, ಚಪ್ಪಾಳೆ ನಿಲ್ಲಿಸದೆ.